ರಟ್ಟೆಯ ಎಲುಬು ಮುರಿದರೆ ಮೊದಲು ಬೆರಳು ನೋಡಿ

ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ದ್ರಾವಣ ಬಿಡದೆ ಹೋದರೆ ಕೊಳೆರೋಗ ತಗಲಿ ಅಡಿಕೆಯೆಲ್ಲ ಉದುರುತ್ತದೆ ಎಂಬುದನ್ನು ಕಾಸರಗೋಡಿನ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉದ್ದನೆಯ ದೋಟಿ ಹಿಡಿದು ನೆಲದಲ್ಲಿ ನಿಂತೇ ಮದ್ದು ಬಿಡುವವರು, ಗೊನೆ ಇಳಿಸುವವರು ಈಗ ಹೆಚ್ಚಾಗುತ್ತಿದ್ದಾರೆ. ಆದರೂ ಕಾಲಿಗೆ ತಳೆ ಹಾಕಿ ಮರ ಏರುವ ಕೆಲಸ ನಿಂತಿಲ್ಲ. ಮಳೆಗೆ ಪಾಚಿ ಕಟ್ಟಿದ ಮರ ಜಾರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಹಿಡಿತ ತಪ್ಪುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಗೇರುಮರ, ಪೇರಳೆ ಮರಗಳಿಂದ ಬೀಳುವುದು ಬೇರೆ.

ಮರದಿಂದ ಬಿದ್ದವನ ಬೆನ್ನು, ಸೊಂಟ, ತಲೆಯ ಬಗ್ಗೆ ನಾವು ಹೆದರುತ್ತೇವೆ. ಹೆದರಬೇಕಾದದ್ದೇ. ಕೈ ಮುರಿದಿದೆ ಎಂದಾದರೆ ಮಾತ್ರ, "ಕೈ ತಾನೇ, ಕಟ್ಟಿದರೆ ಕೂಡಿಕೊಳ್ಳುತ್ತದೆ" ಎನ್ನುತ್ತೇವೆ. ಎಲುಬು ಕೂಡಿಕೊಳ್ಳುತ್ತದೆ ಎಂಬುದು ನಿಜ. ಆದರೆ ಎಲುಬು ಚೆನ್ನಾಗಿ ಕೂಡಿದ ಮೇಲೂ ಕತ್ತಿ ಹಿಡಿಯಲಾಗದ, ಅಂಗಿಯ ಗುಂಡಿ ಹಾಕಲಾಗದ ಕೈಗಳಿವೆ. ಹಾಗೇಕೆ ಆಗುತ್ತದೆ ಎಂದು ತಿಳಿಯಬೇಕಾದರೆ ರಟ್ಟೆಯ ಒಳಗೆ ಯಾವುದು ಎಲ್ಲಿದೆ ಎಂದು ನೋಡಬೇಕು.

ಒಂದೇ ಎಲುಬು

ಹೆಗಲಿನಿಂದ ಮೊಣಕೈವರೆಗಿನ ಭಾಗವನ್ನು ಪುಸ್ತಕಗಳು ಮೇಲ್ತೋಳು ಎನ್ನುತ್ತವೆ. ನಮ್ಮ ಬಾಯಲ್ಲಿರುವ ರಟ್ಟೆ ಎಂಬ ಮಾತು ಅದಕ್ಕಿಂತ ಒಳ್ಳೆಯದು. ದುಡಿಮೆಯ ಪ್ರಸ್ತಾಪ ಬಂದಾಗಲೆಲ್ಲ ನಾವು ನೆನೆಯುವುದು ರಟ್ಟೆಯನ್ನೇ. ರಟ್ಟೆ ಮುರಿದು ದುಡಿದ ಎನ್ನುತ್ತೇವೆ, ರಟ್ಟೆಯಲ್ಲಿ ಬಲ ಇರುವವರೆಗೆ ಯಾರ ಹಂಗೂ ಬೇಡ ಎನ್ನುತ್ತೇವೆ.

ಮೊಣಕೈಯಿಂದ ಕೆಳಗೆ, ಅಂದರೆ ಮುಂಗೈಯಲ್ಲಿ, ಜೋಡಿ ಎಲುಬುಗಳಿವೆ. ಒಂದು ಮುರಿದರೂ ಇನ್ನೊಂದು ಸ್ವಲ್ಪಮಟ್ಟಿಗೆ ಆಸರೆ ಕೊಡುತ್ತದೆ. ರಟ್ಟೆಯಲ್ಲಿ ಇರುವುದು ಒಂದೇ ಎಲುಬು. ವೈದ್ಯರು ಅದನ್ನು ಹ್ಯೂಮರಸ್ ಎನ್ನುತ್ತಾರೆ; ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಹೆಗಲು ಎಂದೇ ಅರ್ಥ. ವಯಸ್ಕರಲ್ಲಿ ಅದು ಸುಮಾರು ಒಂದು ಅಡಿ ಉದ್ದ. ಮೇಲ್ತುದಿ ಅರ್ಧ ಚೆಂಡಿನಂತೆ ದುಂಡಗಿದ್ದು ಹೆಗಲಿನ ಆಳವಿಲ್ಲದ ಕುಳಿಯಲ್ಲಿ ಕೂತಿರುತ್ತದೆ. ಕುಳಿಗೆ ಆಳವಿಲ್ಲದ್ದರಿಂದಲೇ ಕೈಯನ್ನು ಸುತ್ತಲೂ ತಿರುಗಿಸಲು ಸಾಧ್ಯ. ಅದರಿಂದಲೇ ಹೆಗಲಿನ ಕೀಲು ಬೇಗ ತಪ್ಪುತ್ತದೆ ಕೂಡ. ಚೆಂಡಿನ ಕೆಳಗೆ ಒಂದು ಕುತ್ತಿಗೆಯಂಥ ಜಾಗ. ವಯಸ್ಸಾದ ತಾಯಂದಿರು ಬಚ್ಚಲಲ್ಲಿ ಜಾರಿ ಬಿದ್ದಾಗ ಹೆಚ್ಚಾಗಿ ಮುರಿಯುವುದು ಅಲ್ಲಿ. ನಡುಭಾಗ ಕೊಳವೆಯಂತೆ ಉರುಟು. ಕೆಳಗೆ ಬರುತ್ತಾ ಎಲುಬು ಚಪ್ಪಟೆಯಾಗಿ ಅಗಲವಾಗುತ್ತದೆ. ಮೊಣಕೈಯ ಎರಡು ಬದಿಗಳಲ್ಲಿ ಕೈಗೆ ಸಿಗುವ ಗಂಟುಗಳು ಇದರ ಅಂಚುಗಳೇ. ಈ ಚಪ್ಪಟೆ ಭಾಗದ ಮುಂದೊಂದು, ಹಿಂದೊಂದು ಕುಳಿ ಇರುವುದರಿಂದ ನಡುವಿನ ಎಲುಬು ಬಹಳ ತೆಳು. ಎಳೆಯ ಮಕ್ಕಳ ಎಲುಬು ಮುರಿಯುವುದು ಮುಖ್ಯವಾಗಿ ಇಲ್ಲಿ. ಈ ಜಾಗವನ್ನು ನೆನಪಿಟ್ಟುಕೊಳ್ಳಿ.

ಎಳೆಯುವ ಮಾಂಸಖಂಡಗಳು

ಎಲುಬಿನ ಮುಂದೆ ಒಂದು ಕಟ್ಟು, ಹಿಂದೆ ಒಂದು ಕಟ್ಟು ಮಾಂಸಖಂಡಗಳಿವೆ. ಮಾಂಸಖಂಡಕ್ಕೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಬಾವಿಯ ಹಗ್ಗದಂತೆ. ಆದುದರಿಂದ ಕೈ ಮಡಚಲು ಮುಂದಿನದು ಎಳೆಯಬೇಕು, ಚಾಚಲು ಹಿಂದಿನದು ಎಳೆಯಬೇಕು. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡಬೇಕು.

ಹುಡುಗರು ಅಂಗಿಯ ತೋಳು ಮಡಚಿ ಉಬ್ಬಿಸಿ ತೋರಿಸುವುದು ಮುಂದಿನ ಬೈಸೆಪ್ಸ್ ಎಂಬುದನ್ನು. ಎರಡು ತಲೆಯುಳ್ಳದ್ದು ಎಂದು ಇದರ ಅರ್ಥ. ಮೇಲೆ ಎರಡು ಕಡೆ ಅಂಟಿಕೊಂಡಿದೆ. ಸೆಮಿನರಿಯಲ್ಲಿ ಕಲಿತ ಲ್ಯಾಟಿನ್ ಇಂಥ ಕಡೆಗಳಲ್ಲಿ ಪ್ರಯೋಜನಕ್ಕೆ ಬರುತ್ತದೆ: ಮಸಲ್ ಎಂಬ ಮಾತಿನ ಮೂಲಕ್ಕೆ ಹೋದರೆ ಸಣ್ಣ ಇಲಿ ಎಂಬ ಅರ್ಥ ಸಿಗುತ್ತದೆ. ಚರ್ಮದಡಿಯಲ್ಲಿ ಇಲಿ ಓಡಾಡಿದಂತೆ ಕಂಡಿರಬೇಕು ಹಿಂದಿನವರಿಗೆ.

ಬೈಸೆಪ್ಸ್ ಕೈ ಮಡಚುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಮಡಚುವ ಮುಖ್ಯ ಕೆಲಸ ಅದರ ಅಡಿಯಲ್ಲಿ ಕಾಣದಂತೆ ಮಲಗಿರುವ ಬ್ರೇಕಿಯಾಲಿಸ್ ಎಂಬುದರದ್ದು. ಬೈಸೆಪ್ಸಿನ ವಿಶೇಷ ಬೇರೆಯೇ ಇದೆ. ಮೊಣಕೈ ಮಡಚಿ, ಅಂಗೈ ಕೆಳಮುಖ ಮಾಡಿ, ಇನ್ನೊಂದು ಕೈಯಿಂದ ರಟ್ಟೆಯ ಮುಂಭಾಗವನ್ನು ಹಿಡಿದುಕೊಳ್ಳಿ. ಈಗ ಅಂಗೈಯನ್ನು ಬಲವಾಗಿ ಮೇಲ್ಮುಖ ತಿರುಗಿಸಿ. ಮಾಂಸಖಂಡ ಗಟ್ಟಿಯಾದದ್ದು ತಿಳಿಯುತ್ತದೆ. ಬಲಗೈಯಲ್ಲಿ ತಿರುಪು ಬಿಗಿಮಾಡುವ ಶಕ್ತಿ ಬರುವುದು ಬಹುಮಟ್ಟಿಗೆ ಇದರಿಂದ.

ಹಿಂದಿನದು ಟ್ರೈಸೆಪ್ಸ್, ಮೂರು ತಲೆಯದು. ಪಿಕ್ಕಾಸು ಎತ್ತುವಾಗ ಮುಂದಿನವು ದುಡಿಯುತ್ತವೆ, ಕೆಳಗೆ ಬೀಸಿ ಹೊಡೆಯುವಾಗ ಟ್ರೈಸೆಪ್ಸ್ ದುಡಿಯುತ್ತದೆ. ಗರಗಸ ಎಳೆಯುವುದೂ ದೂಡುವುದೂ ಇವೆರಡರ ಸರದಿ. ಇವೆಲ್ಲದರ ಮೇಲೆ, ಹೆಗಲಿಗೆ ಹೆಗಲಕವಚ ಹಾಕಿದಂತೆ ಡೆಲ್ಟಾಯ್ಡ್ ಎಂಬ ತ್ರಿಕೋನಾಕಾರದ ಮಾಂಸಖಂಡವಿದೆ. 2021ರಲ್ಲಿ ಕೋವಿಡ್ ಲಸಿಕೆ ಚುಚ್ಚಿಸಿಕೊಂಡದ್ದು ನಾವೆಲ್ಲ ಇದಕ್ಕೇ. ಹೆಗಲಿನ ಎಲುಬಿನ ತುದಿಯಿಂದ ಎರಡು ಮೂರು ಬೆರಳಿನಷ್ಟು ಕೆಳಗೆ, ರಟ್ಟೆಯ ಹೊರಬದಿಯಲ್ಲಿ ಚುಚ್ಚಬೇಕೆಂದು ದಾದಿಯರಿಗೆ ಕಲಿಸಿರುತ್ತಾರೆ. ತೀರ ಕೆಳಗೆ, ಹಿಂಬದಿಗೆ ಏಕೆ ಚುಚ್ಚಬಾರದು ಎಂಬುದಕ್ಕೆ ಉತ್ತರ ಮುಂದೆ ಬರುತ್ತದೆ.

ಅರವತ್ತು ದಾಟಿದ ಕೆಲವು ದುಡಿಮೆಗಾರರ ರಟ್ಟೆಯಲ್ಲಿ ಒಂದು ದಿನ ಟಪ್ಪೆಂದು ಶಬ್ದವಾಗಿ, ಬೈಸೆಪ್ಸ್ ಕೆಳಕ್ಕಿಳಿದು ಉಂಡೆಯಂತೆ ನಿಲ್ಲುವುದುಂಟು. ಸವೆದ ಮೇಲಿನ ಒಂದು ಹುರಿ ಹರಿದಿರುತ್ತದೆ. ನೋಡಲು ಹೆದರಿಕೆಯಾದರೂ ಇನ್ನೊಂದು ತಲೆ ಇರುವುದರಿಂದ ಕೆಲಸ ಹೆಚ್ಚು ಕೆಡುವುದಿಲ್ಲ. ಹರಿದದ್ದು ಮೊಣಕೈಯ ಬಳಿ ಎಂದಾದರೆ ಮಾತ್ರ ತಡಮಾಡಬಾರದು. ಎರಡು ಮೂರು ವಾರಗಳೊಳಗೆ ಹೊಲಿದರೆ ಸುಲಭ. ಆಮೇಲೆ ಹುರಿ ಕುಗ್ಗಿ ಮೇಲೇರಿಬಿಡುತ್ತದೆ.

ನರ ಎಂದರೆ ಯಾವ ನರ?

ನಮ್ಮ ಮಾತಿನಲ್ಲಿ ಒಂದು ತೊಡಕಿದೆ. ಕೈಮೇಲೆ ನೀಲಿಯಾಗಿ ಉಬ್ಬಿ ಕಾಣುವುದನ್ನು ನರ ಎನ್ನುತ್ತೇವೆ. ಮಣಿಕಟ್ಟಿನಲ್ಲಿ ತಂತಿಯಂತೆ ಬಿಗಿಯುವುದನ್ನೂ ನರ ಎನ್ನುತ್ತೇವೆ. ಕಾಲು ಜೋಮು ಹಿಡಿದರೆ ನರದ ತೊಂದರೆ ಎನ್ನುತ್ತೇವೆ. ಇವು ಮೂರೂ ಬೇರೆ ಬೇರೆ ವಸ್ತುಗಳು. ಮೊದಲನೆಯದು ರಕ್ತನಾಳ, ರಕ್ತ ಹರಿಯುವ ಕೊಳವೆ. ಎರಡನೆಯದು ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿ. ಮೂರನೆಯದೊಂದೇ ನಿಜವಾದ ನರ. ಅದರಲ್ಲಿ ರಕ್ತ ಹರಿಯುವುದಿಲ್ಲ, ಮಿದುಳಿನ ಅಪ್ಪಣೆ ಕೆಳಗೆ ಹೋಗುತ್ತದೆ, ಚರ್ಮದ ಸುದ್ದಿ ಮೇಲೆ ಬರುತ್ತದೆ. ಕರೆಂಟಿನ ತಂತಿಗೆ ಹೋಲಿಸಬಹುದು. "ನರ ಕಟ್ಟಾಗಿದೆ" ಎಂದು ಡಾಕ್ಟರರು ಹೇಳಿದಾಗ ಮನೆಯವರು, "ರಕ್ತವೇನೂ ಬರಲಿಲ್ಲವಲ್ಲ" ಎಂದು ವಾದಿಸುವುದನ್ನು ನಾನು ಕೇಳಿದ್ದೇನೆ. ತಪ್ಪು ಅವರದ್ದಲ್ಲ, ಮಾತಿನದ್ದು.

ರಟ್ಟೆಯಲ್ಲಿ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಒಂದೇ. ಕಂಕುಳಿನಿಂದ ಇಳಿದು, ರಟ್ಟೆಯ ಒಳಬದಿಯಲ್ಲಿ, ಬೈಸೆಪ್ಸಿನ ಅಂಚಿನಲ್ಲೇ ಬಂದು ಮೊಣಕೈಯ ಮಡಿಕೆಯ ಮುಂದೆ ಹಾದುಹೋಗುತ್ತದೆ. ಒಳಬದಿಯ ತೋಡಿನಲ್ಲಿ ಎರಡು ಬೆರಳಿಟ್ಟು ಎಲುಬಿನ ಕಡೆಗೆ ಮೆಲ್ಲನೆ ಒತ್ತಿದರೆ ಮಿಡಿತ ಸಿಗುತ್ತದೆ. ಕೈಗೂಸುಗಳ ನಾಡಿಯನ್ನು ವೈದ್ಯರು ನೋಡುವುದು ಇಲ್ಲೇ.

ರಕ್ತದ ಒತ್ತಡ ಅಳೆಯುವ ಪಟ್ಟಿಯನ್ನು ರಟ್ಟೆಗೆ ಸುತ್ತುವುದಕ್ಕೂ ಇದೇ ಕಾರಣ: ಒಂದೇ ಎಲುಬು, ಅದರ ಪಕ್ಕದಲ್ಲಿ ಒಂದೇ ದೊಡ್ಡ ನಾಳ, ಒತ್ತಿ ಮುಚ್ಚಲು ಸುಲಭ. ಇಟಲಿಯ ರೀವಾ ರೋಚಿ ಎಂಬ ವೈದ್ಯರು 1896ರಲ್ಲಿ ಇಂಥ ಪಟ್ಟಿಯನ್ನು ಬಳಕೆಗೆ ತಂದರು. ರಷ್ಯಾದ ಕೊರೊಟ್ಕೋವ್ 1905ರಲ್ಲಿ ಮೊಣಕೈಯ ಮಡಿಕೆಗೆ ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುವ ಕ್ರಮವನ್ನು ತಿಳಿಸಿದರು. ಆರೋಗ್ಯ ಶಿಬಿರಗಳಲ್ಲಿ ಜನ ಓಡೋಡಿ ಬಂದು, ಸಾಲಿನಲ್ಲಿ ನಿಂತು ಮಾತಾಡುತ್ತಲೇ, ದಪ್ಪ ಅಂಗಿಯ ಮೇಲೆಯೇ ಪಟ್ಟಿ ಕಟ್ಟಿಸಿಕೊಳ್ಳುವುದನ್ನು ಕಾಣುತ್ತೇವೆ. ಐದು ನಿಮಿಷ ಸುಮ್ಮನೆ ಕೂತು, ರಟ್ಟೆಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಬರಿಯ ಚರ್ಮದ ಮೇಲೆ ಪಟ್ಟಿ ಸುತ್ತಿಸಿಕೊಳ್ಳಬೇಕು. ದಪ್ಪ ರಟ್ಟೆಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡ ಇದ್ದಂತೆ ತೋರುತ್ತದೆ. ಇಷ್ಟು ಸಾಕು, ವಿಷಯಕ್ಕೆ ಬರೋಣ.

ಎಲುಬಿಗೆ ಸುತ್ತಿಕೊಂಡ ನರ

ಬೆರಳುಗಳವರೆಗೆ ಹೋಗುವ ಮುಖ್ಯ ನರಗಳು ಮೂರು. ಮೂರೂ ಕತ್ತಿನ ಕಡೆಯಿಂದ ಹೊರಟು ಕಂಕುಳಿನ ಮೂಲಕ ರಟ್ಟೆಗೆ ಇಳಿಯುತ್ತವೆ. ಒಂದು, ಮೀಡಿಯನ್ ಎಂಬುದು, ರಕ್ತನಾಳದ ಜೊತೆಯಲ್ಲೇ ಒಳಬದಿಯಲ್ಲಿ ಸಾಗುತ್ತದೆ. ಇನ್ನೊಂದು, ಅಲ್ನಾರ್, ಮೊಣಕೈಯ ಒಳಗಂಟಿನ ಹಿಂದೆ ಚರ್ಮದಡಿಯಲ್ಲೇ ಹಾದುಹೋಗುತ್ತದೆ; ಬಾಗಿಲಿನ ಚೌಕಟ್ಟಿಗೆ ಮೊಣಕೈ ತಾಗಿ ಕಿರುಬೆರಳಿನವರೆಗೆ ಝುಮ್ ಎಂದದ್ದು ಎಲ್ಲರಿಗೂ ಅನುಭವವಿದ್ದೀತು, ಅದೇ ಇದು. ಮೂರನೆಯದು ರೇಡಿಯಲ್ ನರ. ಇದು ಸೀದಾ ಇಳಿಯುವುದಿಲ್ಲ. ರಟ್ಟೆಯ ನಡುಭಾಗದಲ್ಲಿ, ಟ್ರೈಸೆಪ್ಸಿನ ಅಡಿಯಲ್ಲಿ, ಎಲುಬಿನ ಬೆನ್ನಿಗೆ ಅಂಟಿಕೊಂಡಂತೆ ಓರೆಯಾಗಿ ಸುತ್ತಿ ಹೊರಬದಿಗೆ ಬರುತ್ತದೆ. ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಹೇಗೋ ಹಾಗೆ. ಮರ ಮುರಿದು ಬಿದ್ದರೆ ಬಳ್ಳಿಯ ಗತಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಈ ರೇಡಿಯಲ್ ನರದ ಕೆಲಸ ಮೊಣಕೈ ಚಾಚುವುದು, ಮಣಿಕಟ್ಟನ್ನು ಮೇಲಕ್ಕೆ ಎತ್ತುವುದು, ಬೆರಳು ಬಿಚ್ಚುವುದು. ಟ್ರೈಸೆಪ್ಸಿಗೆ ಹೋಗುವ ಕವಲುಗಳು ಮೇಲೆಯೇ ಬೇರ್ಪಟ್ಟಿರುತ್ತವೆ. ಆದುದರಿಂದ ಎಲುಬು ನಡುವೆ ಮುರಿದು ನರಕ್ಕೆ ಪೆಟ್ಟಾದಾಗ ಮೊಣಕೈ ಚಾಚಲು ಬರುತ್ತದೆ, ಹಸ್ತ ಮಾತ್ರ ಬಾಡಿದ ಕೆಸುವಿನ ಎಲೆಯಂತೆ ಜೋತು ಬೀಳುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಹಸ್ತದ ಹಿಂಬದಿಯಲ್ಲಿ, ಮುಟ್ಟಿದರೆ ತಿಳಿಯುವುದಿಲ್ಲ. ಮುಷ್ಟಿ ಹಿಡಿಯುವ ನರಗಳು ಸರಿಯಾಗಿದ್ದರೂ ಹಿಡಿತದಲ್ಲಿ ಬಲವಿರುವುದಿಲ್ಲ. ಮಣಿಕಟ್ಟು ಹಿಂದಕ್ಕೆ ಬಾಗಿ ನಿಲ್ಲದೆ ಬೆರಳುಗಳು ಬಿಗಿಯಾಗಿ ಹಿಡಿಯಲಾರವು. ಬೇಕಾದರೆ ನಿಮ್ಮ ಮಣಿಕಟ್ಟನ್ನು ಕೆಳಕ್ಕೆ ಪೂರ್ತಿ ಬಾಗಿಸಿ ಕತ್ತಿಯ ಹಿಡಿಯನ್ನು ಹಿಡಿದು ನೋಡಿ.

ರಟ್ಟೆಯ ಎಲುಬಿನ ನಡುಭಾಗ ಮುರಿದವರಲ್ಲಿ ನೂರಕ್ಕೆ ಸುಮಾರು ಹನ್ನೆರಡು ಮಂದಿಗೆ ಈ ನರಕ್ಕೆ ಪೆಟ್ಟಾಗಿರುತ್ತದೆ. ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಓರೆಯಾಗಿ ತಿರುಚಿ ಮುರಿದರೆ ಅಪಾಯ ಇನ್ನೂ ಹೆಚ್ಚು ಎಂದು ಅಮೆರಿಕದ ಹೋಲ್‌ಸ್ಟೈನ್ ಮತ್ತು ಲೂಯಿಸ್ ಎಂಬಿಬ್ಬರು 1963ರಲ್ಲಿ ತೋರಿಸಿಕೊಟ್ಟರು.

ಎಲುಬು ಮುರಿಯದೆಯೂ ಈ ನರ ಸೋಲುವುದುಂಟು. ಕುಡಿದು, ಕುರ್ಚಿಯ ಬೆನ್ನಿಗೆ ರಟ್ಟೆ ನೇತುಹಾಕಿ ರಾತ್ರಿಯಿಡೀ ನಿದ್ದೆ ಹೋದವನಿಗೆ ಬೆಳಿಗ್ಗೆ ಹಸ್ತ ಏಳುವುದಿಲ್ಲ. ಎಚ್ಚರದಲ್ಲಿರುವವನಿಗೆ ಜೋಮು ಹಿಡಿದಾಗ ಕೈ ತೆಗೆಯಬೇಕೆಂದು ತಿಳಿಯುತ್ತದೆ, ಅಮಲಿನಲ್ಲಿರುವವನಿಗೆ ತಿಳಿಯುವುದಿಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಶನಿವಾರ ರಾತ್ರಿಯ ಲಕ್ವ ಎಂದೇ ಹೆಸರು. ಭಾನುವಾರ ಬೆಳಿಗ್ಗೆ ನಮಗೆ ಕಾಣಸಿಗುವ ಕೆಲವರ ಬಗ್ಗೆ ನಾನು ಇಲ್ಲಿ ಹೆಚ್ಚು ಹೇಳುವುದಿಲ್ಲ. ಊರುಗೋಲಿನ ಮೇಲ್ತುದಿಗೆ ಕಂಕುಳು ಕೊಟ್ಟು ಇಡೀ ದೇಹದ ಭಾರ ಹಾಕುವವರಿಗೂ ಹೀಗಾಗುತ್ತದೆ. ಭಾರ ಅಂಗೈಗಳ ಮೇಲಿರಬೇಕು. ಸೂಜಿಯನ್ನು ರಟ್ಟೆಯ ಕೆಳಗೆ, ಹಿಂಬದಿಗೆ ಚುಚ್ಚಬಾರದೆಂದದ್ದೂ ಈ ನರಕ್ಕಾಗಿಯೇ. ಒತ್ತಡದಿಂದ ಸೋತ ನರ ಹೆಚ್ಚಾಗಿ ಕೆಲವು ವಾರಗಳಲ್ಲಿ ಚೇತರಿಸುತ್ತದೆ. ಆದರೆ ಬೆಳಿಗ್ಗೆ ಕೈ ಏಳಲಿಲ್ಲವೆಂದರೆ ಇದೇ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಅದೇ ಬದಿಯ ಕಾಲಿನಲ್ಲೂ ಬಲವಿಲ್ಲದಿದ್ದರೆ ಅದು ಪಾರ್ಶ್ವವಾಯು. ಒಂದೊಂದು ನಿಮಿಷವೂ ಮುಖ್ಯ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮಕ್ಕಳ ಮೊಣಕೈ

ಈಗ ಎಲುಬಿನ ಆ ತೆಳು ಜಾಗಕ್ಕೆ ಬರೋಣ. ಐದರಿಂದ ಏಳೆಂಟು ವರ್ಷದ ಮಗು ಕೈಚಾಚಿ ಬಿದ್ದಾಗ ಮೊಣಕೈಯ ಸ್ವಲ್ಪ ಮೇಲೆ ಎಲುಬು ಮುರಿದು, ಕೆಳತುಂಡು ಹಿಂದಕ್ಕೆ ಸರಿಯುತ್ತದೆ. ಮೇಲಿನ ತುಂಡಿನ ಚೂಪಾದ ಅಂಚು ಮುಂದಕ್ಕೆ ಚಾಚುತ್ತದೆ. ಆ ಅಂಚಿನ ಎದುರಿಗೇ ಹಾದುಹೋಗುತ್ತಿರುವುದು ಕೈಗೆ ರಕ್ತ ಒಯ್ಯುವ ಆ ದೊಡ್ಡ ನಾಳ, ಜೊತೆಗೆ ಮೀಡಿಯನ್ ನರ. ನಾಳ ಅಂಚಿನ ಮೇಲೆ ಬಿಗಿದು ಮಡಚಿಕೊಳ್ಳಬಹುದು, ಅಪ್ಪಚ್ಚಿಯಾಗಬಹುದು. ಅದರ ಮೇಲೆ ಕೆಲವೇ ಗಂಟೆಗಳಲ್ಲಿ ಬಾವು ಬರುತ್ತದೆ.

ಇಂಥ ಹೊತ್ತಿನಲ್ಲಿ ಮೊಣಕೈಯನ್ನು ಪೂರ್ತಿ ಮಡಚಿ, ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದರೆ ಏನಾಗುತ್ತದೆ? ಹೊರಗೆ ಹಿಗ್ಗಲು ಜಾಗವಿಲ್ಲದೆ ಬಾವು ಒಳಗೇ ಒತ್ತುತ್ತದೆ. ಮುಂಗೈಯ ಮಾಂಸಖಂಡಗಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ರಕ್ತವಿಲ್ಲದೆ ಮಾಂಸಖಂಡ ಸುಮಾರು ಆರು ಗಂಟೆ ತಾಳೀತು, ಆಮೇಲೆ ಸಾಯುತ್ತದೆ. ಸತ್ತ ಮಾಂಸ ನಾರಾಗಿ ಕುಗ್ಗಿ ಬೆರಳುಗಳನ್ನು ಒಳಕ್ಕೆ ಎಳೆದುಬಿಡುತ್ತದೆ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿ, ಬಿಗಿಯಾದ ಕಟ್ಟೇ ಕಾರಣವೆಂದು ಎಚ್ಚರಿಸಿದರು. ಅಂದರೆ ಅವರ ದೇಶದಲ್ಲೂ ಆಗ ಇದು ನಡೆಯುತ್ತಿತ್ತು, ನಾಟಿ ವೈದ್ಯರ ಕೈಯಲ್ಲಿ ಮಾತ್ರವಲ್ಲ.

ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಗೇರುಮರದಿಂದ ಬಿದ್ದ ಹುಡುಗನೊಬ್ಬನಿದ್ದ. ಬಿದ್ದ ಸಂಜೆಯೇ ಕಟ್ಟು ಬಿತ್ತು. ರಾತ್ರಿಯೆಲ್ಲ ಅವನು ಅತ್ತ. ಮುರಿದ ಕೈ ನೋಯದೆ ಇರುತ್ತದೆಯೇ ಎಂದು ದೊಡ್ಡವರು ಸಮಾಧಾನ ಮಾಡಿದರು. ಮರುದಿನ ಮಧ್ಯಾಹ್ನಕ್ಕೆ ಅಳು ನಿಂತಿತು, ಎಲ್ಲರಿಗೂ ನೆಮ್ಮದಿಯಾಯಿತು. ಅಳು ನಿಂತದ್ದು ನೋವು ಗುಣವಾದುದರಿಂದಲ್ಲ, ನರಗಳು ಸತ್ತುದರಿಂದ. ಎಂಟು ವಾರಗಳ ಮೇಲೆ ಕಟ್ಟು ಬಿಚ್ಚಿದಾಗ ಎಲುಬು ನೆಟ್ಟಗೆ ಕೂಡಿತ್ತು. "ಫಾದರ್, ಎಲುಬು ಸರಿಯಾಗಿದೆಯಂತೆ, ಮತ್ತೆ ಕೈ ಯಾಕೆ ಕೋಳಿಕಾಲಿನ ಹಾಗೆ ಉಂಟು?" ಎಂದು ಅವನ ತಾಯಿ ಕೇಳಿದರು. ಆಮೇಲೆ ಎರಡು ಶಸ್ತ್ರಚಿಕಿತ್ಸೆಗಳಾದವು. ಅವನು ಈಗ ಎಡಗೈಯಲ್ಲಿ ಬರೆಯುತ್ತಾನೆ.

ನಮ್ಮ ಊರಿನ ಪಂಡಿತರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ತಲೆಮಾರುಗಳ ಕೈಗುಣ ಇರುವವರು ಅವರಲ್ಲಿದ್ದಾರೆ, "ಇದು ನನ್ನ ಕೈಯ ಕೆಲಸವಲ್ಲ, ಆಸ್ಪತ್ರೆಗೆ ಹೋಗಿ" ಎಂದು ಹೇಳುವ ಪ್ರಾಮಾಣಿಕರೂ ಇದ್ದಾರೆ. ಆಸ್ಪತ್ರೆಯ ಪ್ಲಾಸ್ಟರೂ ಬಿಗಿಯಾಗಬಹುದು. ಯಾರು ಕಟ್ಟಿದರೂ ಕಟ್ಟಿನ ಹೊರಗೆ ಬೆರಳುಗಳು ಕಾಣಿಸುತ್ತಿರಬೇಕು, ಮನೆಯವರು ಅವನ್ನು ನೋಡುತ್ತಿರಬೇಕು. ನೋವು ಗಂಟೆಗಂಟೆಗೂ ಏರುತ್ತಿದ್ದರೆ, ಮಾತ್ರೆಗೂ ಬಗ್ಗದಿದ್ದರೆ, ಬೆರಳನ್ನು ಮೆಲ್ಲನೆ ನೆಟ್ಟಗೆ ಮಾಡಿದಾಗ ಮಗು ಕಿರುಚಿದರೆ, ಅಷ್ಟು ಸಾಕು. ಬೆರಳು ಬಿಳಿಚುವವರೆಗೆ, ತಣ್ಣಗಾಗುವವರೆಗೆ, ನಾಡಿ ತಪ್ಪುವವರೆಗೆ ಕಾಯಬಾರದು. ಅವು ತಡವಾಗಿ ಬರುವ ಗುರುತುಗಳು. ನಡುರಾತ್ರಿಯಾದರೂ ಕಟ್ಟು ಹಾಕಿದವರಲ್ಲಿಗೆ ಹೋಗಿ ಸಡಿಲಿಸಿಕೊಳ್ಳಿ. ಅವರು ಸಿಗದಿದ್ದರೆ ಹತ್ತಿರದ ಯಾವುದೇ ಆಸ್ಪತ್ರೆಗೆ ಹೋಗಿ.

ತೋಟದಲ್ಲಿ ಬಿದ್ದಾಗ

ಎತ್ತರದ ಮರದಿಂದ ಬಿದ್ದವನನ್ನು ಕೈಹಿಡಿದು ಎಬ್ಬಿಸಿ ಕೂರಿಸಬೇಡಿ. ಕತ್ತು, ಬೆನ್ನು ನೋಯುತ್ತಿದೆಯೇ, ಕಾಲಿನ ಬೆರಳು ಆಡುತ್ತಿದೆಯೇ ಎಂದು ಮೊದಲು ಕೇಳಿ. ಸಂಶಯವಿದ್ದರೆ ಮಲಗಿದಂತೆಯೇ ಇರಲಿ, 108ಕ್ಕೆ ಕರೆ ಮಾಡಿ.

ರಟ್ಟೆ ಮಾತ್ರ ಮುರಿದಿದ್ದರೆ, ಮುಟ್ಟುವುದಕ್ಕೆ ಮೊದಲು ಅವನ ಬೆರಳುಗಳಿಗೆ ನಾಲ್ಕು ಕೆಲಸ ಹೇಳಿ. ಮುಷ್ಟಿ ಹಿಡಿಯಲಿ. ಹಸ್ತ ಬಿಚ್ಚಿ ಮಣಿಕಟ್ಟನ್ನು ಹಿಂದಕ್ಕೆ ಎತ್ತಲಿ. ಬೆರಳುಗಳನ್ನು ಅಗಲಿಸಲಿ. ಹೆಬ್ಬೆರಳು ತೋರುಬೆರಳುಗಳ ತುದಿ ಕೂಡಿಸಿ ಉಂಗುರ ಮಾಡಲಿ. ಮೂರು ನರಗಳ ಪರೀಕ್ಷೆ ಇಷ್ಟರಲ್ಲಿ ಮುಗಿಯಿತು. ಮಕ್ಕಳಿಗೆ ಇದು ಆಟದಂತಿರುವುದರಿಂದ ಅಳುತ್ತಲೇ ಮಾಡಿ ತೋರಿಸುತ್ತಾರೆ. ಬಳಿಕ ಉಗುರನ್ನು ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಯಾವುದು ಆಗಲಿಲ್ಲವೆಂದು ನೆನಪಿಟ್ಟು ಡಾಕ್ಟರರಿಗೆ ಹೇಳಿ. ಹಸ್ತ ಬಿದ್ದ ಕೂಡಲೇ ಜೋತಿತ್ತೋ, ಯಾರೋ ಎಳೆದ ಮೇಲೆ ಜೋತಿತೋ ಎಂಬುದು ಅವರಿಗೆ ಬಹಳ ಮುಖ್ಯವಾದ ಸುದ್ದಿ.

ಬಳೆ, ಉಂಗುರ, ಕೈಗಡಿಯಾರ ಆಗಲೇ ತೆಗೆಯಿರಿ. ಬಾವು ಬಂದ ಮೇಲೆ ಬರುವುದಿಲ್ಲ. ಎಳೆದು ನೆಟ್ಟಗೆ ಮಾಡಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ. ಆಸರೆಗೆ ಅಡಿಕೆ ಹಾಳೆಗಿಂತ ಒಳ್ಳೆಯದು ತೋಟದಲ್ಲಿ ಸಿಗಲಾರದು. ಹಗುರ, ಬಾಗುತ್ತದೆ, ರಟ್ಟೆಯ ಉರುಟಿಗೆ ಕೂರುತ್ತದೆ. ಒಳಗೆ ಮೆತ್ತನೆಯ ಬಟ್ಟೆ ಇಟ್ಟು, ಹೊರಬದಿಗೆ ಹಾಳೆ ಹಿಡಿದು, ಮುರಿದ ಜಾಗದ ಮೇಲೆಯೂ ಕೆಳಗೆಯೂ ಸಡಿಲವಾಗಿ ಕಟ್ಟಿ. ಕಟ್ಟಿನಡಿ ಒಂದು ಬೆರಳು ಸುಲಭವಾಗಿ ತೂರಬೇಕು. ಒಂದು ಬೈರಾಸಿನಿಂದ ಮುಂಗೈಯನ್ನು ಕತ್ತಿಗೆ ತೂಗುಹಾಕಿ, ಇನ್ನೊಂದರಿಂದ ರಟ್ಟೆಯನ್ನು ಎದೆಗೆ ಸೇರಿಸಿ ಕಟ್ಟಿ. ಮುರಿದದ್ದು ಮೊಣಕೈಯ ಬಳಿ ಎಂದಾದರೆ, ಅದು ಯಾವ ಕೋನದಲ್ಲಿದೆಯೋ ಹಾಗೆಯೇ ಇರಲಿ. ಮಡಚಲೂ ಬೇಡ, ಚಾಚಲೂ ಬೇಡ. ಶಸ್ತ್ರಚಿಕಿತ್ಸೆ ಬೇಕಾದೀತು, ಆದುದರಿಂದ ದಾರಿಯಲ್ಲಿ ಚಹಾ, ತಿಂಡಿ ಕೊಡಬೇಡಿ.

ಆರು ಗಂಟೆ ಎಂಬ ಲೆಕ್ಕ ಬಿದ್ದ ಗಳಿಗೆಯಿಂದ ಶುರು ಎಂದೇ ಇಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆ ಎಂದರೆ ನಮ್ಮ ಕಡೆಯವರಿಗೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆಸ್ಪತ್ರೆ ಎಷ್ಟು ದೂರ ಹೋಗಬಲ್ಲದೆಂದು ನಾವು ಕಂಡಿದ್ದೇವೆ. ದಾರಿ ತೆರೆದಿರುವಾಗ ನಾಳೆ ಬೆಳಿಗ್ಗೆ ನೋಡೋಣ ಎನ್ನುವುದು ಬೇಡ.

ಕಾಯುವ ತಿಂಗಳುಗಳು

ದೊಡ್ಡವರಲ್ಲಿ ರಟ್ಟೆಯ ನಡುಭಾಗದ ಮುರಿತಕ್ಕೆ ಯಾವಾಗಲೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಕೈಯ ಭಾರವೇ ಕೆಳಕ್ಕೆಳೆದು ಎಲುಬನ್ನು ನೆಟ್ಟಗಿಡಲು ಸಹಾಯ ಮಾಡುತ್ತದೆ. ಸಾರ್ಮಿಯೆಂತೊ ಎಂಬ ವೈದ್ಯರು 1977ರಲ್ಲಿ ಪ್ರಕಟಿಸಿದ ಕ್ರಮದಂತೆ ರಟ್ಟೆಯ ಸುತ್ತ ಪ್ಲಾಸ್ಟಿಕ್ ಕವಚ ಹಾಕಿ, ಹೆಗಲು ಮೊಣಕೈಗಳನ್ನು ಆಡಿಸುತ್ತಲೇ ಗುಣಪಡಿಸುವುದು ಇಂದಿಗೂ ಇದೆ. ಎರಡರಿಂದ ಮೂರು ತಿಂಗಳು ಬೇಕು. ತುಂಡುಗಳು ಸರಿಯಾಗಿ ನಿಲ್ಲದಿದ್ದರೆ, ಗಾಯದಿಂದ ಎಲುಬು ಹೊರಬಂದಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಪ್ಲೇಟ್ ಅಥವಾ ಸರಳು ಹಾಕುತ್ತಾರೆ. ಮಲಗಿದರೆ ತುಂಡುಗಳು ಅಲುಗುವುದರಿಂದ ಮೊದಲ ವಾರಗಳಲ್ಲಿ ಒರಗಿ ಕೂತು ನಿದ್ದೆ ಮಾಡಬೇಕಾಗುತ್ತದೆ. ಕಷ್ಟವೇ.

ಹಸ್ತ ಜೋತು ಬಿದ್ದಿದ್ದರೂ ಎದೆಗುಂದಬೇಕಾಗಿಲ್ಲ. ಚರ್ಮ ಹರಿಯದ ಮುರಿತದಲ್ಲಿ ನರ ಹೆಚ್ಚಾಗಿ ತುಂಡಾಗಿರುವುದಿಲ್ಲ, ಜಜ್ಜಿರುತ್ತದೆ ಅಥವಾ ಜಗ್ಗಿರುತ್ತದೆ; ಹತ್ತರಲ್ಲಿ ಏಳು ಮಂದಿಗಾದರೂ ಅದು ತಾನಾಗಿಯೇ ಚೇತರಿಸುತ್ತದೆ. ಆದರೆ ಒಳಗಿನ ಎಳೆಗಳು ಹೊಸದಾಗಿ ಬೆಳೆಯಬೇಕಾದಲ್ಲಿ ಅವು ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ತಿಂಗಳಿಗೆ ಒಂದು ಅಂಗುಲ. ಮೂರು ನಾಲ್ಕು ತಿಂಗಳು ಏನೂ ಕಾಣದಿದ್ದರೆ ನರದ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ತೆರೆದು ನೋಡುತ್ತಾರೆ.

ಅಲ್ಲಿಯವರೆಗೆ ಮಣಿಕಟ್ಟನ್ನು ಮೇಲಕ್ಕೆತ್ತಿ ಹಿಡಿಯುವ ಒಂದು ಪಟ್ಟಿ ಹಾಕಿರಬೇಕು, ಇಲ್ಲವಾದರೆ ಕೀಲುಗಳು ಬಾಗಿದಲ್ಲೇ ಸೆಟೆದುಕೊಳ್ಳುತ್ತವೆ. ದಿನಕ್ಕೆ ನಾಲ್ಕೈದು ಬಾರಿ ಇನ್ನೊಂದು ಕೈಯಿಂದ ಬೆರಳುಗಳನ್ನೂ ಮಣಿಕಟ್ಟನ್ನೂ ಪೂರ್ತಿ ಹಿಂದಕ್ಕೆ ಬಾಗಿಸಿ ಬಿಡಬೇಕು. ಸ್ಪರ್ಶ ತಿಳಿಯದ ಜಾಗಕ್ಕೆ ಬಿಸಿ ಪಾತ್ರೆ ತಾಗದಂತೆ ನೋಡಿಕೊಳ್ಳಬೇಕು. ಚೇತರಿಕೆ ಮೇಲಿನಿಂದ ಕೆಳಕ್ಕೆ ಬರುತ್ತದೆ. ಮೊದಲು ಮುಂಗೈಯ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಬದಿಯ ಮಾಂಸಖಂಡ ಮಿಸುಕುತ್ತದೆ. ಆಮೇಲೆ ಒಂದು ದಿನ, ಹಸ್ತವನ್ನು ಮೇಜಿನ ಅಂಚಿನಲ್ಲಿ ಜೋತುಬಿಟ್ಟು ಪ್ರಯತ್ನಿಸುತ್ತಿರುವಾಗ, ಮಣಿಕಟ್ಟು ಒಂದು ಗೆರೆಯಷ್ಟು ಏಳುತ್ತದೆ. ವಾರಗಳು ಕಳೆದ ಮೇಲೆ ಬೆರಳುಗಳು ಬಿಚ್ಚಿಕೊಳ್ಳುತ್ತವೆ. ಎಲ್ಲಕ್ಕಿಂತ ತಡವಾಗಿ ಏಳುವುದು ಹೆಬ್ಬೆರಳು ಮತ್ತು ತೋರುಬೆರಳು.